ಕೈಯಿಂದ ಕೈಗೆ ದಾಟಿದ ದಾಸವಾಳ

ನಮ್ಮ ಬೆಂಗಳೂರಿನ ಮನೆಯ ತಾರಸಿಯಲ್ಲಿ ಒಂದು ಕುಂಡವಿದೆ. ಅದರಲ್ಲಿರುವ ಕೆಂಪು ದಾಸವಾಳಕ್ಕೆ ನನಗಿಂತ ಹೆಚ್ಚು ವಯಸ್ಸು. ಅದನ್ನು ಕುಂಡದಲ್ಲಿ ನೆಟ್ಟು ಏಳು ವರ್ಷವಾಗಿದೆ ಅಷ್ಟೇ. ಆದರೆ ನೆಟ್ಟದ್ದು ಬೀಜವಲ್ಲ, ಗೆಲ್ಲು. ಆ ಗೆಲ್ಲು ಬಂದದ್ದು ಸಾಗರದ ಕಡೆಯ ನಮ್ಮ ಹಳ್ಳಿಮನೆಯ ದಣಪೆ ಪಕ್ಕದ ಗಿಡದಿಂದ. ಅಲ್ಲಿಗೆ ಅದನ್ನು ತಂದವಳು ಅಜ್ಜಿ. ಮದುವೆಯಾದ ಮೊದಲ ಮಳೆಗಾಲದಲ್ಲಿ ಹೊನ್ನಾವರದ ಕಡೆಯ ತವರಿಗೆ ಹೋಗಿ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದಳಂತೆ. ತವರಿನ ಅಂಗಳಕ್ಕೂ ಅದು ಯಾರದೋ ಬೇಲಿಯಿಂದ ಬಂದಿರಲೇಬೇಕು. ನನ್ನ ಕುಂಡದ ಗಿಡ ಆ ಗಿಡಗಳ ಮಗಳಲ್ಲ, ಮೊಮ್ಮಗಳೂ ಅಲ್ಲ. ಅದೇ ಗಿಡ. ಜಾಗ ಬದಲಾಗಿದೆ, ಮಣ್ಣು ಬದಲಾಗಿದೆ, ನೀರು ಹಾಕುವ ಕೈ ಬದಲಾಗಿದೆ. ಜೀವ ಮಾತ್ರ ಕಡಿಯದೆ ಮುಂದುವರಿದಿದೆ.

ದಾಸವಾಳದ ಬೀಜವನ್ನು ಕಂಡವರು ನಮ್ಮಲ್ಲಿ ಎಷ್ಟು ಜನ ಇದ್ದಾರು? ವರ್ಷವಿಡೀ ಹೂ ಬಿಡುವ ಗಿಡ ಅದು. ಬೆಳಿಗ್ಗೆ ಅರಳಿದ ಹೂ ಸಂಜೆಗೆ ಎಸಳು ಸುತ್ತಿಕೊಳ್ಳುತ್ತದೆ, ಮರುದಿನವೋ ಅದರ ಮರುದಿನವೋ ತೊಟ್ಟು ಸಮೇತ ಕಳಚಿ ಬೀಳುತ್ತದೆ. ಕಾಯಿ ಕಟ್ಟುವುದೇ ಇಲ್ಲ. ನಾವು ಹೈಸ್ಕೂಲಿನಲ್ಲಿ ಹೂವಿನ ಭಾಗಗಳನ್ನು ಕಲಿತದ್ದು ಇದೇ ಹೂವಿನಲ್ಲಿ. ಮೇಷ್ಟ್ರು ಹಿಂದಿನ ದಿನವೇ ಹೇಳಿ ತರಿಸುತ್ತಿದ್ದರು. ಹಸಿರು ಪುಷ್ಪಪತ್ರಗಳು, ಅವುಗಳ ಕೆಳಗೆ ಇನ್ನೊಂದು ಸುತ್ತು ಕಿರುಪತ್ರಗಳು, ಐದು ಎಸಳು, ನಡುವಿನಿಂದ ಹೊರಚಾಚಿದ ಉದ್ದನೆಯ ಕೊಳವೆ, ಕೊಳವೆಯ ಮೈತುಂಬ ಹಳದಿ ಕೇಸರಗಳು, ತುದಿಯಲ್ಲಿ ಐದು ಕೆಂಪು ಮಖಮಲ್ಲಿನ ಗುಂಡುಗಳು. ಆ ಗುಂಡುಗಳೇ ಶಲಾಕಾಗ್ರ, ಪರಾಗ ಬಂದು ಕೂರಬೇಕಾದ ಜಾಗ. ಬ್ಲೇಡಿನಿಂದ ಅಂಡಾಶಯವನ್ನು ಅಡ್ಡಕ್ಕೆ ಕತ್ತರಿಸಿದರೆ ಒಳಗಿನ ಐದು ಕೋಣೆಗಳೂ ಕಾಣುತ್ತವೆ. ಎಲ್ಲ ಅಂಗಗಳೂ ಇಷ್ಟು ಸ್ಪಷ್ಟವಾಗಿ, ಇಷ್ಟು ದೊಡ್ಡದಾಗಿ ಇರುವ ಹೂ ಬೇರೆ ಸಿಗುವುದು ಕಷ್ಟ. ಸಸ್ಯಗಳ ಸಂತಾನಾಭಿವೃದ್ಧಿಯ ಪಾಠವನ್ನು ನಾಡಿನ ಮಕ್ಕಳಿಗೆಲ್ಲ ಕಲಿಸಿಕೊಟ್ಟ ಈ ಗಿಡ ತಾನು ಮಾತ್ರ ಬೀಜ ಬಿಡುವುದಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿದ ಮೇಲೆ ಆ ಗಿಡವನ್ನು ನೋಡುವ ರೀತಿಯೇ ಬದಲಾಯಿತು.

ಕಾರಣ ಅದರ ವರ್ಣತಂತುಗಳಲ್ಲಿದೆ. ಹೆಚ್ಚಿನ ಪ್ರಾಣಿಗಳಲ್ಲೂ ಎಷ್ಟೋ ಗಿಡಗಳಲ್ಲೂ ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ. ದಾಸವಾಳದಲ್ಲಿ ಒಂದೊಂದರ ಹಲವು ಪ್ರತಿಗಳಿರುತ್ತವೆ. ಎಷ್ಟು ಎಂಬುದೂ ತಳಿಯಿಂದ ತಳಿಗೆ ಬೇರೆ. ಬೀಜ ಆಗಬೇಕಾದರೆ ಅವೆಲ್ಲ ಸರಿಸಮನಾಗಿ ಪಾಲಾಗಬೇಕು. ಪಾಲು ತಪ್ಪಿದರೆ ಪರಾಗವೂ ಬಂಜೆ, ಅಂಡವೂ ಬಂಜೆ. ಅದೂ ಅಲ್ಲದೆ ತನ್ನದೇ ಪರಾಗವನ್ನು ಒಪ್ಪದ ಗುಣವೂ ಎಷ್ಟೋ ತಳಿಗಳಿಗಿದೆ. ಊರಿನ ಬೇಲಿಯುದ್ದಕ್ಕೂ ಇರುವ ಕೆಂಪು ದಾಸವಾಳಗಳು ಒಂದೇ ಗಿಡದಿಂದ ಮುರಿದ ಗೆಲ್ಲುಗಳಾಗಿದ್ದರೆ, ಸೂರಕ್ಕಿ ಎಷ್ಟು ಹೂವಿಗೆ ಕೊಕ್ಕು ಹಾಕಿದರೂ ಫಲವಿಲ್ಲ. ಹಕ್ಕಿ ಹೊತ್ತು ತಂದದ್ದು ಅದೇ ಗಿಡದ ಪರಾಗವನ್ನೇ.

ಹೀಗೆ ಬೀಜವಿಲ್ಲದ ಗಿಡ ಭೂಮಿಯ ಉಷ್ಣವಲಯವನ್ನೆಲ್ಲ ಹೇಗೆ ಆವರಿಸಿತು? ಗಾಳಿ ಒಯ್ಯಲಿಲ್ಲ, ಹಕ್ಕಿ ಒಯ್ಯಲಿಲ್ಲ, ಹೊಳೆಯೂ ಒಯ್ಯಲಿಲ್ಲ. ಒಯ್ದದ್ದು ಮನುಷ್ಯನ ಕೈ. ಕಾಡಿನಲ್ಲಿ ತಾನಾಗಿ ಬೆಳೆದ ಕೆಂಪು ದಾಸವಾಳ ಎಲ್ಲಿಯೂ ಸಿಕ್ಕಿಲ್ಲ. ಪೆಸಿಫಿಕ್ ಸಾಗರದ ದ್ವೀಪಗಳಲ್ಲಿರುವ ಅದರ ಬಂಧುಗಳನ್ನು ಅಭ್ಯಾಸ ಮಾಡಿದ ಸಸ್ಯವಿಜ್ಞಾನಿಗಳು ಈಚೆಗೆ ಒಂದು ವಾದ ಮುಂದಿಟ್ಟಿದ್ದಾರೆ. ವನುವಾಟು ಮೂಲದ ಹಿಬಿಸ್ಕಸ್ ಕೂಪರಿ ಮತ್ತು ತಾಹಿತಿ ಕಡೆಯ ಹಿಬಿಸ್ಕಸ್ ಕೌಟೆ ಎಂಬ ಎರಡು ಜಾತಿಗಳ ಬೆರಕೆಯಿಂದ ನಮ್ಮ ದಾಸವಾಳ ಹುಟ್ಟಿತು ಎನ್ನುತ್ತಾರೆ ಅವರು. ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಗಿಡಗಳನ್ನು ಒಯ್ಯುತ್ತಿದ್ದ ಪಾಲಿನೇಷಿಯಾದ ಜನ ಎರಡನ್ನೂ ಒಂದೇ ಅಂಗಳದಲ್ಲಿ ನೆಟ್ಟಾಗ ಈ ಬೆರಕೆ ಆಗಿರಬೇಕು ಎಂಬುದು ಅವರ ಊಹೆ. ನನಗೆ ಈ ವಾದ ಹಿಡಿಸುತ್ತದೆ. ಮನುಷ್ಯನ ಅಂಗಳದಲ್ಲೇ ಹುಟ್ಟಿ ಮನುಷ್ಯನ ಅಂಗಳದಲ್ಲೇ ಉಳಿದ ಗಿಡ ಎಂದರೆ ದಾಸವಾಳದ ನಡವಳಿಕೆಗೆ ಅದು ಹೊಂದುತ್ತದೆ.

1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಹಿಬಿಸ್ಕಸ್ ರೋಸ-ಸೈನೆನ್ಸಿಸ್ ಎಂದು ಹೆಸರಿಟ್ಟ. ‘ಚೀನಾದ ಗುಲಾಬಿ’ ಎಂದು ಅದರ ಅರ್ಥ. ಗಿಡ ಚೀನಾದ ಕಾಡಿನದೂ ಅಲ್ಲ, ಗುಲಾಬಿಯ ಬಳಗದ್ದೂ ಅಲ್ಲ. ಅದಕ್ಕಿಂತ ಸುಮಾರು ಎಪ್ಪತ್ತು ವರ್ಷ ಮೊದಲೇ ಮಲಬಾರಿನ ಡಚ್ಚರು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದ ಹನ್ನೆರಡು ಸಂಪುಟಗಳ ‘ಹೊರ್ತುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥದಲ್ಲಿ ಅದು ತನ್ನ ಮಲಯಾಳ ಹೆಸರಿನಲ್ಲೇ ಇದೆ: ಚೆಂಬರತ್ತಿ. ತಮಿಳರಿಗೆ ಅದು ಸೆಂಬರುತ್ತಿ. ‘ಪರುತ್ತಿ’ ಎಂದರೆ ಹತ್ತಿ. ‘ಸೆಂಬರುತ್ತಿ’ ಎಂದರೆ ಕೆಂಪು ಹತ್ತಿ. ಲಿನೇಯಸ್ ತಪ್ಪಿದ ಕಡೆ ಈ ಹೆಸರು ಸರಿಯಾಗಿದೆ. ದಾಸವಾಳವೂ ಹತ್ತಿಯೂ ಒಂದೇ ಕುಟುಂಬ. ಹತ್ತಿಯ ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಬೆಂಡೆಯ ಹೂವನ್ನೂ ನೋಡಿ. ಅದೇ ಐದು ಎಸಳು, ನಡುವೆ ಅದೇ ಕೇಸರದ ಕೊಳವೆ. ಸೂಕ್ಷ್ಮದರ್ಶಕ ಹಿಡಿಯದ ಕಣ್ಣು ಆ ನಂಟನ್ನು ಗುರುತಿಸಿ ಹೆಸರಿನಲ್ಲೇ ಬರೆದಿಟ್ಟಿತ್ತು.

ಬೆಂಡೆಯ ಲೋಳೆ, ದಾಸವಾಳದ ಎಲೆಯ ಲೋಳೆ, ಎರಡೂ ಆ ಕುಟುಂಬದ ಗುಣವೇ. ಮಲೆನಾಡು-ಕರಾವಳಿಯ ಮನೆಗಳಲ್ಲಿ ದಾಸವಾಳ ಮುಖ್ಯವಾಗಿ ಬಳಕೆಯಾದದ್ದು ಈ ಲೋಳೆಗಾಗಿ. ಸೊಪ್ಪನ್ನು ತೊಳೆದು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೈಯಲ್ಲಿ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಸಿಗುವ ಹಸಿರು ಗಂಜಿಯಂಥ ದ್ರವಕ್ಕೆ ನಾವು ಗೊಂಪು ಎನ್ನುತ್ತೇವೆ. ಎಣ್ಣೆ ಹಚ್ಚಿ ಮೀಯುವ ದಿನ ಬಚ್ಚಲುಮನೆಯ ಕಟ್ಟೆಯ ಮೇಲೆ ಗೊಂಪಿನ ಪಾತ್ರೆ ಇರುತ್ತಿತ್ತು. ಸೀಗೆಯಂತೆ ಕಣ್ಣು ಉರಿಸುತ್ತಿರಲಿಲ್ಲ ಎಂಬ ಕಾರಣಕ್ಕೆ ಮಕ್ಕಳಿಗೆ ಗೊಂಪು, ದೊಡ್ಡವರಿಗೆ ಸೀಗೆ. ಶ್ಯಾಂಪೂ ಎಂಬುದು ಎಣ್ಣೆಯನ್ನು ಪೂರ್ತಿ ಕಿತ್ತು ತೆಗೆಯುತ್ತದೆ, ಆಮೇಲೆ ಕಂಡಿಷನರ್ ಹಚ್ಚಿ ಕೂದಲಿಗೆ ನುಣುಪು ತರಬೇಕು. ಗೊಂಪು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತದೆ. ಎಣ್ಣೆಯ ಜಿಡ್ಡನ್ನು ಅರ್ಧ ಬಿಡಿಸುತ್ತದೆ, ಲೋಳೆಯ ಸಕ್ಕರೆಗಳು ಕೂದಲಿಗೆ ತೆಳುವಾದ ಪದರ ಕಟ್ಟುತ್ತವೆ. ಒಣಗಿದ ಮೇಲೆ ಬಾಚಣಿಗೆ ಸರಾಗವಾಗಿ ಇಳಿಯುತ್ತದೆ.

ಅದೇ ಸೊಪ್ಪು ನಮಗೆ ಆಟದ ಸಾಮಾನೂ ಆಗಿತ್ತು. ತೆಂಗಿನ ಗರಟೆಯಲ್ಲಿ ಎಲೆ ಕಿವುಚಿ ರಸ ಮಾಡಿ, ಪಪ್ಪಾಯಿ ಎಲೆಯ ದಂಟನ್ನು ಅದರಲ್ಲಿ ಅದ್ದಿ ಊದಿದರೆ ಗುಳ್ಳೆಗಳು ಮೇಲೇಳುತ್ತಿದ್ದವು. ಸೋಪಿನ ಗುಳ್ಳೆಗಿಂತ ಅವು ಹೆಚ್ಚು ಹೊತ್ತು ಬಾಳುತ್ತಿದ್ದವು ಎಂದು ನನ್ನ ನೆನಪು. ಎಸಳಿನ ಬುಡವನ್ನು ಎರಡಾಗಿ ಸೀಳಿ ಮೂಗಿಗೆ ಅಂಟಿಸಿಕೊಂಡು ಕೋಳಿಯಾಗುತ್ತಿದ್ದೆವು. ಗಮ್ಮು ಬೇಕಾಗುತ್ತಿರಲಿಲ್ಲ, ಅಂಟು ಎಸಳಿನಲ್ಲೇ ಇತ್ತು.

ಕೂದಲು ಬೆಳೆಸುತ್ತದೆ ಎಂಬ ಮಾತಿನ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಇಲಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ದಾಸವಾಳದ ಸಾರ ಹಚ್ಚಿದ ಕಡೆ ರೋಮ ಹೆಚ್ಚು ಬೆಳೆದದ್ದು ಕಂಡಿತು. ಹೂವಿನ ಸಾರಕ್ಕಿಂತ ಎಲೆಯ ಸಾರವೇ ಚುರುಕಾಗಿತ್ತು ಎಂಬುದು ಅದರಲ್ಲಿ ಗಮನಿಸಬೇಕಾದ ಅಂಶ. ಆದರೆ ಇಲಿಯ ಬೆನ್ನಿನ ಮೇಲೆ ಕಂಡದ್ದನ್ನು ಮನುಷ್ಯನ ನೆತ್ತಿಯ ಮೇಲೆ ಹೇರಿ, ಬಾಟಲಿಯ ಮೇಲೆ ಹೂವಿನ ಚಿತ್ರ ಅಂಟಿಸಿ ಮಾರುವವರ ಮಾತನ್ನು ನಂಬಬೇಕಾಗಿಲ್ಲ. ಅಜ್ಜಿಯ ಕಾಲದವರು ಹೂವನ್ನು ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಇಡುತ್ತಿದ್ದರು ನಿಜ. ಉದುರಿದ ಕೂದಲು ಮತ್ತೆ ಬರುತ್ತದೆ ಎಂದು ಅಜ್ಜಿ ಯಾವತ್ತೂ ಹೇಳಿದ್ದು ನನಗೆ ನೆನಪಿಲ್ಲ. ತಲೆ ತಂಪಾಗುತ್ತದೆ ಎನ್ನುತ್ತಿದ್ದಳು, ಅಷ್ಟೇ.

ಅಡುಗೆಮನೆಯಲ್ಲೂ ಲೋಳೆಗೆ ಕೆಲಸವಿದೆ. ನೆನೆಸಿದ ದೋಸೆ ಅಕ್ಕಿಯ ಜೊತೆ ಸ್ವಲ್ಪ ಮೆಂತೆ, ಒಂದು ಹಿಡಿ ಎಳೆಯ ದಾಸವಾಳದ ಎಲೆ ಹಾಕಿ ರುಬ್ಬಿದರೆ ಹಿಟ್ಟು ತಾನಾಗಿ ಹದವಾಗುತ್ತದೆ. ಉದ್ದಿನ ಬೇಳೆ ಮಾಡಬೇಕಾದ ಕೆಲಸವನ್ನು ಎಲೆ ಮಾಡುತ್ತದೆ. ತಿಳಿಹಸಿರಿನ ಮೆತ್ತನೆಯ ದೋಸೆ, ಬೆಲ್ಲ-ತುಪ್ಪದ ಜೊತೆ ತಿನ್ನಬೇಕು. ಹೂವಿನ ತಂಬುಳಿ ಇನ್ನೂ ಸುಲಭ. ಎಂಟು ಹತ್ತು ಹೂವಿನ ಎಸಳು ಮಾತ್ರ ಬಿಡಿಸಿ, ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸಿ, ಒಗ್ಗರಣೆ ಕೊಟ್ಟರೆ ಮುಗಿಯಿತು. ಬೇಸಿಗೆಯ ಮಧ್ಯಾಹ್ನದ ಊಟಕ್ಕೆ ಇದಕ್ಕಿಂತ ಹಿತವಾದದ್ದನ್ನು ನಾನು ಉಂಡಿಲ್ಲ.

ಹೂವಿನ ಶರಬತ್ತು ಮಾಡುವಾಗ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಕುದಿಸಿ ಇಳಿಸಿದ ನೀರಿಗೆ ಎಸಳು ಹಾಕಿದರೆ ನಿಮಿಷಗಳಲ್ಲಿ ಕೆಂಪೆಲ್ಲ ನೀರಿಗೆ ಇಳಿದು ಎಸಳು ಬೆಳ್ಳಗಾಗುತ್ತದೆ. ನೀರು ಮಾತ್ರ ಕೆಂಪಾಗಿರುವುದಿಲ್ಲ, ನೇರಳೆಗೆ ತಿರುಗಿದ ಮಂಕು ಬಣ್ಣ. ಅದಕ್ಕೆ ಅರ್ಧ ಹೋಳು ನಿಂಬೆ ಹಿಂಡಿ. ಕಣ್ಣೆದುರೇ ಅದು ಹೊಳೆಯುವ ಕಡುಗೆಂಪಾಗುತ್ತದೆ. ಬೇರೆ ಲೋಟದಲ್ಲಿ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿದರೆ ಹಸಿರಿಗೆ ತಿರುಗುತ್ತದೆ. ಎಸಳಿನ ಬಣ್ಣ ಆಂಥೋಸಯನಿನ್ ಎಂಬ ಗುಂಪಿನದು. ಹುಳಿ ಸಿಕ್ಕರೆ ಒಂದು ರೂಪ, ಕ್ಷಾರ ಸಿಕ್ಕರೆ ಇನ್ನೊಂದು ರೂಪ ತಾಳುತ್ತದೆ. ಏಳನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ-ಪ್ರತ್ಯಾಮ್ಲ ಗುರುತಿಸಲು ದಾಸವಾಳದ ನೀರನ್ನು ಸೂಚಕವಾಗಿ ಹೇಳಿಕೊಟ್ಟದ್ದು ಇದೇ ಗುಣಕ್ಕಾಗಿ. ಪ್ರಯೋಗಶಾಲೆ ಇಲ್ಲದ ಹಳ್ಳಿಶಾಲೆಗೂ ಬೇಲಿಯ ಗಿಡವೊಂದು ಇದ್ದೇ ಇರುತ್ತದೆ.

ಈಗ ಅಂಗಡಿಗಳಲ್ಲಿ ‘ಹಿಬಿಸ್ಕಸ್ ಟೀ’ ಎಂಬ ಪೊಟ್ಟಣ ಕಾಣುತ್ತಿದೆ. ಅದನ್ನು ಕಂಡು ಹಿತ್ತಿಲ ದಾಸವಾಳವನ್ನು ಒಣಗಿಸಿ ಕುಡಿಯುವವರು ಹೆಚ್ಚಾಗಿದ್ದಾರೆ. ಕುಡಿದರೆ ಕೇಡೇನೂ ಇಲ್ಲ, ಆದರೆ ಅದು ಇದಲ್ಲ. ಪೊಟ್ಟಣದಲ್ಲಿರುವುದು ಹಿಬಿಸ್ಕಸ್ ಸಬ್ದರಿಫ, ಅಂದರೆ ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ಪಲ್ಯ ಮಾಡಿ ತಿನ್ನುವ ಪುಂಡಿಯ ಬಳಗದ ಗಿಡ. ಅದರಲ್ಲೂ ಹೂವಲ್ಲ, ಹೂ ಉದುರಿದ ಮೇಲೆ ಕಾಯಿಯ ಸುತ್ತ ದಪ್ಪನಾಗಿ ಬೆಳೆಯುವ ಕೆಂಪು ಪುಷ್ಪಪತ್ರಗಳು. ಈಜಿಪ್ಟ್, ಸುಡಾನಿನವರು ಕರ್ಕಡೆ ಎಂದು ಕುಡಿಯುವ ಪಾನೀಯ ಅದೇ. ರಕ್ತದೊತ್ತಡದ ಬಗ್ಗೆ ಓದುವ ಸಂಶೋಧನೆಗಳೆಲ್ಲ ನಡೆದಿರುವುದು ಹೆಚ್ಚಾಗಿ ಆ ಗಿಡದ ಮೇಲೆ. ಆ ಫಲವನ್ನು ಈ ಹೂವಿನಿಂದ ನಿರೀಕ್ಷಿಸಿ ವೈದ್ಯರು ಕೊಟ್ಟ ಮಾತ್ರೆ ಬಿಡುವುದು ಅಪಾಯ. ಇನ್ನೊಂದು ಮಾತು: ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ನಮ್ಮ ಕೆಂಪು ದಾಸವಾಳದ ಸಾರ ಗರ್ಭ ನಿಲ್ಲುವುದಕ್ಕೆ ಅಡ್ಡಿಯಾದದ್ದು ಕಂಡಿದೆ. ಬಸುರಿಯರು ಇದನ್ನು ಔಷಧಿಯಂತೆ ಸೇವಿಸದಿರುವುದೇ ಸರಿ.

ಪೂಜೆಯ ಹೂವಾಗಿ ದಾಸವಾಳ ಎಲ್ಲರಿಗೂ ಗೊತ್ತು. ಗಣಪತಿಗೆ, ದೇವಿಗೆ, ಸೂರ್ಯನಿಗೆ ಕೆಂಪೇ ಆಗಬೇಕು. ಸಂಸ್ಕೃತದಲ್ಲಿ ಇದು ಜಪಾಕುಸುಮ. ನಮ್ಮ ದಾರ್ಶನಿಕರು ಈ ಹೂವನ್ನು ಬೇರೆಯೇ ಒಂದು ಕೆಲಸಕ್ಕೆ ತೆಗೆದುಕೊಂಡರು. ಬಣ್ಣವಿಲ್ಲದ ಸ್ಫಟಿಕದ ಪಕ್ಕದಲ್ಲಿ ಜಪಾಕುಸುಮ ಇಟ್ಟರೆ ಸ್ಫಟಿಕವೇ ಕೆಂಪಗೆ ಕಾಣುತ್ತದೆ. ಹೂ ತೆಗೆದರೆ ಸ್ಫಟಿಕ ಮೊದಲಿನಂತೆಯೇ. ಆತ್ಮಕ್ಕೆ ಅಂಟಿದಂತೆ ಕಾಣುವ ಸುಖದುಃಖಗಳು ಅದರವಲ್ಲ ಎಂದು ತೋರಿಸಲು ಸಾಂಖ್ಯರೂ ಅದ್ವೈತಿಗಳೂ ಈ ಉದಾಹರಣೆ ಕೊಟ್ಟರು. ಗುಲಾಬಿಯಲ್ಲ, ತಾವರೆಯಲ್ಲ, ದಾಸವಾಳವೇ ಯಾಕೆ ಎಂದು ಯೋಚಿಸಿದ್ದೇನೆ. ಕೈಗೆ ಎಟಕುವಲ್ಲಿ ಇದ್ದದ್ದು, ದಿನವೂ ಅರಳುತ್ತಿದ್ದದ್ದು, ಪಕ್ಕದ ವಸ್ತುವಿಗೂ ಹರಡುವಷ್ಟು ಗಾಢವಾದ ಕೆಂಪು ಇದ್ದದ್ದು ಇದಕ್ಕೆ.

ಇಷ್ಟೆಲ್ಲ ಇದ್ದೂ ನಮ್ಮ ಪೇಟೆಯಲ್ಲಿ ಮಲ್ಲಿಗೆಗೆ ದರ ಇದೆ, ಸೇವಂತಿಗೆಗೆ ಇದೆ, ಕನಕಾಂಬರಕ್ಕೆ ಇದೆ. ದಾಸವಾಳ ಮಾರಾಟಕ್ಕೆ ಬರುವುದು ಅಪರೂಪ. ಒಂದು ದಿನದ ಹೂ ಅದು. ನೀರಿನಲ್ಲಿ ಇಟ್ಟರೂ ಸಂಜೆಗೆ ಮುದುಡುತ್ತದೆ, ನೀರಿಲ್ಲದೆ ತಟ್ಟೆಯಲ್ಲಿ ಇಟ್ಟರೂ ಸಂಜೆಯ ತನಕ ಹಾಗೇ ಇರುತ್ತದೆ. ಬಂಗಾಳದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಕಾಳಿಗೆ ನೂರೆಂಟು ಜಬಾ ಹೂವಿನ ಮಾಲೆ ಏರಿಸುವುದು ಅಲ್ಲಿನ ಸಂಪ್ರದಾಯ. ಅದಕ್ಕಾಗಿ ಹೂವನ್ನು ಅರಳುವ ಮುನ್ನ ಮೊಗ್ಗಿರುವಾಗಲೇ ಕೊಯ್ದು ಮಾಲೆ ಕಟ್ಟುತ್ತಾರೆ. ಕೋಲ್ಕತ್ತಾದ ಹೂಗ್ಲಿ ನದಿಯ ದಂಡೆಯಲ್ಲಿ, ಹೌರಾ ಸೇತುವೆಯ ಬುಡದ ಮಲ್ಲಿಕ್ ಘಾಟ್ ಮಾರುಕಟ್ಟೆಯಲ್ಲಿ ಅಂಥ ಕೆಂಪು ಮಾಲೆಗಳು ರಾಶಿ ಬಿದ್ದಿರುತ್ತವೆ. ಅಲ್ಲಿ ದಾಸವಾಳ ಒಂದು ಬೆಳೆ. ನಮ್ಮಲ್ಲಿ ಅದು ಬೇಲಿಯಲ್ಲೇ ಉಳಿಯಿತು. ಅದರಿಂದಾದ ಲಾಭವೂ ಇದೆ: ದಾಸವಾಳದ ಗೆಲ್ಲಿಗೆ ನಮ್ಮೂರಲ್ಲಿ ಯಾರೂ ದುಡ್ಡು ಕೇಳಿದ್ದಿಲ್ಲ. ‘ಒಂದು ಗೆಲ್ಲು ಕೊಡ್ತೀರಾ?’ ಎಂದರೆ ಮೂರು ಮುರಿದು ಕೊಡುತ್ತಾರೆ, ಒಂದು ಹೋದರೂ ಇನ್ನೊಂದು ಹಿಡಿಯಲಿ ಎಂದು.

ಗೆಲ್ಲು ಆರಿಸುವುದರಲ್ಲಿ ಒಂದಿಷ್ಟು ಹದವಿದೆ. ತುದಿಯ ಎಳೆ ಹಸಿರು ಕೊಳೆಯುತ್ತದೆ, ಬುಡದ ಬೂದುಬಣ್ಣದ ಮುದಿ ಕಡ್ಡಿ ಬೇರು ಬಿಡಲು ಸತಾಯಿಸುತ್ತದೆ. ನಡುವಿನದು ಬೇಕು, ಹಸಿರು ಮಾಸಿ ಕಂದು ಹತ್ತುತ್ತಿರುವಂಥದ್ದು, ಪೆನ್ಸಿಲಿನ ದಪ್ಪ, ಒಂದು ಗೇಣು ಉದ್ದ. ಮೂರು ನಾಲ್ಕು ಕಣ್ಣುಗಳಾದರೂ ಇರಬೇಕು. ಬುಡವನ್ನು ಕಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ. ಬೇರು ಹೆಚ್ಚಾಗಿ ಒಡೆಯುವುದು ಆ ಕಣ್ಣಿನ ಸುತ್ತಲೇ. ಕೆಳಗಿನ ಎಲೆಗಳನ್ನೆಲ್ಲ ತೆಗೆದು, ಮೇಲೆ ಒಂದೆರಡನ್ನು ಅರ್ಧಕ್ಕೆ ಕತ್ತರಿಸಿ ಬಿಡಿ. ಬೇರಿಲ್ಲದ ಕಡ್ಡಿಗೆ ಎಲೆ ಹೊರೆ, ಇದ್ದ ನೀರನ್ನು ಆವಿಯಾಗಿಸಿ ಕಳೆದುಬಿಡುತ್ತದೆ. ಮರಳು ಹೆಚ್ಚಿರುವ ಮಣ್ಣಿಗೆ ಊರಿ ನೆರಳಿನಲ್ಲಿಟ್ಟು, ಚಿಗುರು ಕಂಡಿತೆಂದು ಕಿತ್ತು ನೋಡದೆ ತಾಳ್ಮೆಯಿಂದ ಕಾಯಬೇಕು. ಮೊದಲ ಚಿಗುರು ಕಡ್ಡಿಯಲ್ಲಿದ್ದ ಸತ್ವದಿಂದಲೇ ಬರುತ್ತದೆ, ಬೇರು ಬಂದಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ತೇವದ ಗಾಳಿಯಲ್ಲಿ ಕೆಲಸ ಅರ್ಧ ಸುಲಭ.

ನೆಲಕ್ಕೆ ಬಿದ್ದ ಮೇಲೆ ಅದು ಕೇಳುವುದು ಮುಖ್ಯವಾಗಿ ಬಿಸಿಲು. ದಿನಕ್ಕೆ ಐದಾರು ಗಂಟೆ ಬಿಸಿಲಿಲ್ಲದ ಕಡೆ ಗಿಡ ಹಸಿರಾಗಿ ಸೊಂಪಾಗಿ ಬೆಳೆದರೂ ಹೂ ಕೊಡುವುದಿಲ್ಲ. ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ, ಎಲೆಯ ಕಂಕುಳಲ್ಲಿ. ಹೀಗಾಗಿ ಕತ್ತರಿ ಆಡಿಸಲು ಹೆದರಬಾರದು. ಮಳೆ ಶುರುವಾಗುವ ಮುನ್ನ ಮೂರನೇ ಒಂದು ಭಾಗದಷ್ಟು ಸವರಿದರೆ ಪ್ರತಿ ತುದಿಯಲ್ಲೂ ಎರಡು ಮೂರು ಕವಲು ಒಡೆದು ಅಷ್ಟೇ ಹೂವಿನ ಜಾಗ ಹೆಚ್ಚುತ್ತದೆ. ಗೊಬ್ಬರದ ವಿಷಯದಲ್ಲಿ ಪೊಟ್ಯಾಷ್ ಸ್ವಲ್ಪ ಮುಂದಿರಲಿ, ರಂಜಕ ಹಿಂದಿರಲಿ. ಗುಲಾಬಿಗೆಂದು ತಂದ ರಂಜಕದ ಗೊಬ್ಬರವನ್ನು ಇದಕ್ಕೂ ಸುರಿದು ಗಿಡ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಬೆಂಗಳೂರಿನಲ್ಲಿ ಕೊಳವೆಬಾವಿಯ ಗಡಸು ನೀರೇ ಗತಿಯಾದವರು ಎಲೆಯ ಬಣ್ಣ ನೋಡುತ್ತಿರಬೇಕು. ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಅದು ಗೊಬ್ಬರದ ಕೊರತೆ ಅಲ್ಲ. ಮಣ್ಣು ಕ್ಷಾರವಾಗಿ, ಇದ್ದ ಕಬ್ಬಿಣವನ್ನು ಬೇರು ಹೀರಲಾರದೆ ಹೋಗಿದೆ. ಮಳೆನೀರು ಹಿಡಿದು ಹಾಕಿ, ಚೆನ್ನಾಗಿ ಕಳಿತ ಎಲೆಗೊಬ್ಬರ ಕೊಟ್ಟರೆ ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ. ಅರಳುವ ಮುನ್ನವೇ ಮೊಗ್ಗು ಹಳದಿಯಾಗಿ ಉದುರುತ್ತಿದ್ದರೆ ಒಂದನ್ನು ಬಿಡಿಸಿ ನೋಡಿ. ಒಳಗೆ ಸಣ್ಣ ಬಿಳಿ ಹುಳಗಳಿದ್ದರೆ ಅದು ಮೊಗ್ಗಿನ ನೊಣದ ಕಾಟ. ಬಿದ್ದ ಮೊಗ್ಗುಗಳನ್ನೆಲ್ಲ ದಿನವೂ ಆಯ್ದು ಸುಟ್ಟರೆ, ಹುಳು ಮಣ್ಣಿಗಿಳಿದು ಕೋಶ ಕಟ್ಟುವ ಸರಪಳಿ ಕಡಿಯುತ್ತದೆ.

ದಾಸವಾಳ ಬೆಳೆದವರೆಲ್ಲ ಸೋತದ್ದು ಬಿಳಿ ಹಿಟ್ಟು ತಿಗಣೆಯ ಎದುರು. ಚಿಗುರು ಮುದುಡಿ ಗಂಟುಗಂಟಾಗುತ್ತದೆ, ಮೊಗ್ಗಿನ ತೊಟ್ಟಿಗೆ ಹತ್ತಿ ಮೆತ್ತಿದಂತೆ ಕಾಣುತ್ತದೆ. ಮೇಣದ ಹೊದಿಕೆ ಇರುವುದರಿಂದ ಔಷಧಿ ಮೈಗೆ ತಾಗುವುದಿಲ್ಲ. ಇದೇ ಗಿಡದ ಹೆಸರು ಹೊತ್ತ ಗುಲಾಬಿ ಬಣ್ಣದ ಒಂದು ಹಿಟ್ಟು ತಿಗಣೆ 1994ರಲ್ಲಿ ಕೆರಿಬಿಯನ್ನಿನ ಗ್ರೆನಾಡ ದ್ವೀಪದಲ್ಲಿ ಕಾಣಿಸಿಕೊಂಡು, ಅಲ್ಲಿಂದ ದ್ವೀಪದಿಂದ ದ್ವೀಪಕ್ಕೆ ಹಬ್ಬಿ ಬೇಲಿಗಳನ್ನೇ ಒಣಗಿಸಿತು. ಕೊನೆಗೆ ಅದನ್ನು ಹತೋಟಿಗೆ ತಂದದ್ದು ಕೀಟನಾಶಕವಲ್ಲ, ಅದರ ಮೈಯಲ್ಲಿ ಮೊಟ್ಟೆ ಇಡುವ ಒಂದು ಪುಟ್ಟ ಕಣಜ ಮತ್ತು ತಿಗಣೆಯನ್ನು ತಿನ್ನುವ ಗುಲಗಂಜಿ ಹುಳು. ನಮ್ಮಲ್ಲೂ ಅಂಥದೇ ನಡೆಯಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಎಂಬ ಹೊರಗಿನ ಕೀಟ ಮೊದಲು ಪತ್ತೆಯಾಯಿತು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು, ದಾಸವಾಳ ಯಾವುದನ್ನೂ ಬಿಡಲಿಲ್ಲ. ರೇಷ್ಮೆ ಬೆಳೆಗಾರರು ಕಂಗಾಲಾದರು, ಏಕೆಂದರೆ ಹುಳಕ್ಕೆ ಹಾಕುವ ಸೊಪ್ಪಿಗೆ ವಿಷ ಹೊಡೆಯುವಂತಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಬ್ಯೂರೊ, ಪೋರ್ಟೊರಿಕೊದಿಂದ ಮೂರು ಬಗೆಯ ಪರಾವಲಂಬಿ ಕಣಜಗಳನ್ನು ತರಿಸಿ, ಬೆಳೆಸಿ, ರೈತರ ಹೊಲಗಳಿಗೆ ಬಿಟ್ಟಿತು. ಅಸೆರೋಫೇಗಸ್ ಪಪಾಯೆ ಎಂಬ, ಕಣ್ಣಿಗೆ ಚುಕ್ಕಿಯಷ್ಟೇ ಕಾಣುವ ಕಣಜ ಹೆಚ್ಚಿನ ಕೆಲಸ ಮಾಡಿತು. ಒಂದೆರಡು ವರ್ಷದಲ್ಲಿ ಪಿಡುಗು ಇಳಿಯಿತು. ನಮ್ಮ ನಗರದಲ್ಲೇ ನಡೆದ ಇಷ್ಟು ದೊಡ್ಡ ಕೆಲಸ ನಮ್ಮ ಜನರಿಗೆ ಗೊತ್ತೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಮನೆಯ ಗಿಡಕ್ಕೆ ತಿಗಣೆ ಬಂದಾಗ ಮೊದಲು ನೋಡಬೇಕಾದದ್ದು ಇರುವೆಯ ಸಾಲು. ತಿಗಣೆ ಸುರಿಸುವ ಸಿಹಿಗಾಗಿ ಇರುವೆಗಳು ಅವಕ್ಕೆ ಕಾವಲು ನಿಲ್ಲುತ್ತವೆ, ತಿನ್ನಲು ಬರುವ ಶತ್ರುಗಳನ್ನು ಓಡಿಸುತ್ತವೆ. ಇರುವೆ ಹತ್ತದಂತೆ ಮಾಡಿದರೆ ಅರ್ಧ ಗೆದ್ದಂತೆ. ಮುದುಡಿದ ತುದಿಗಳನ್ನು ಕತ್ತರಿಸಿ ಹೂಳಿ, ಉಳಿದದ್ದಕ್ಕೆ ಜೋರಾಗಿ ನೀರು ಹೊಡೆದು, ಬೇವಿನೆಣ್ಣೆ ಮತ್ತು ಸ್ವಲ್ಪ ಸೋಪು ಕದಡಿದ ನೀರು ಸಿಂಪಡಿಸಿದರೆ ಸಾಮಾನ್ಯವಾಗಿ ಸಾಕು. ಒಂದು ಎಚ್ಚರಿಕೆ ಹೇಳಲೇಬೇಕು. ಹಿಟ್ಟು ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಬಿಳಿ ಜೂಲು ಜೂಲಾದ, ಚುರುಕಾಗಿ ಓಡಾಡುವ ಹುಳವೊಂದು ಕಂಡರೆ ಹೊಸಕಬೇಡಿ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ತಿಗಣೆಯ ವೇಷದಲ್ಲೇ ಬಂದು ತಿಗಣೆಯನ್ನು ತಿನ್ನುತ್ತದೆ. ನಾನು ತಿಳಿಯದೆ ಎಷ್ಟೋ ಮರಿಗಳನ್ನು ಒರೆಸಿ ಹಾಕಿದ್ದೇನೆ, ಆ ವಿಷಾದ ಈಗಲೂ ಇದೆ.

ನರ್ಸರಿಗಳಲ್ಲಿ ಈಗ ತಟ್ಟೆಯಗಲದ ಹೂವಿನ, ಒಂದೇ ಎಸಳಿನಲ್ಲಿ ಮೂರು ಬಣ್ಣದ ದಾಸವಾಳಗಳು ಬರುತ್ತಿವೆ. ಕಳೆದ ಶತಮಾನದ ಆರಂಭದಲ್ಲಿ ಹವಾಯಿಯಲ್ಲಿ ಬೆರಕೆಯ ಹುಚ್ಚು ಹತ್ತಿದಾಗಿನಿಂದ ಸಾವಿರಾರು ತಳಿಗಳು ಹುಟ್ಟಿವೆ. ಆಫ್ರಿಕಾದ ಪೂರ್ವ ಕರಾವಳಿಯಿಂದ ಬಂದ, ಎಸಳು ಸೀಳು ಸೀಳಾಗಿ ಕೆಳಗೆ ತೂಗುವ ಜುಮುಕಿ ದಾಸವಾಳದ ರಕ್ತವೂ ಅವುಗಳಲ್ಲಿ ಸೇರಿದೆ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ದಾಸವಾಳದ ಹೊಸ ತಳಿಗಳನ್ನು ರೂಪಿಸಿದೆ. ಬೇರೆ ಬೇರೆ ತಳಿಗಳ ನಡುವೆ ಕೈಯಿಂದ ಪರಾಗ ಹಚ್ಚಿದರೆ ಕೆಲವೊಮ್ಮೆ ಕಾಯಿ ಕಟ್ಟುತ್ತದೆ. ಅಷ್ಟೊಂದು ವರ್ಣತಂತುಗಳು ಕಲಸಿಹೋಗುವುದರಿಂದ ಒಂದು ಕಾಯಿಯ ಹತ್ತು ಬೀಜ ಹತ್ತು ಬಣ್ಣ ಕೊಡಬಹುದು. ಮಲೇಶಿಯಾದವರು 1960ರಲ್ಲಿ ರಾಷ್ಟ್ರಪುಷ್ಪವಾಗಿ ಆರಿಸಿಕೊಂಡದ್ದು ಮಾತ್ರ ಹಳೆಯ ಐದೆಸಳಿನ ಕೆಂಪನ್ನೇ. ಹೊಸ ತಳಿಗಳ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವುಗಳ ಬೇರು ಬಡಕಲು. ನಮ್ಮ ಮಳೆಗೆ ಕೊಳೆಯುತ್ತವೆ, ತಿಗಣೆಗೆ ಬೇಗ ಸೋಲುತ್ತವೆ. ಅದಕ್ಕೇ ಬಲ್ಲವರು ಅವನ್ನು ಗಟ್ಟಿಮುಟ್ಟಾದ ನಾಟಿ ದಾಸವಾಳದ ಬುಡಕ್ಕೆ ಕಸಿ ಕಟ್ಟುತ್ತಾರೆ. ಮೇಲೆ ಹಳದಿ-ಕಿತ್ತಳೆಯ ಹೊಸ ಹೂ, ಕೆಳಗೆ ನೀರು ಹೀರುವುದು ಅಜ್ಜಿಯ ಕಾಲದ ಬೇರು. ಕಸಿಗಿಡ ಕೊಂಡವರು ಕಸಿಯ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಚಿವುಟುತ್ತಿರಬೇಕು, ಇಲ್ಲವಾದರೆ ಎರಡೇ ವರ್ಷದಲ್ಲಿ ಹೊಸದನ್ನು ನುಂಗಿ ಹಳೆಯದೇ ಮೇಲೇಳುತ್ತದೆ.

ಊರಿನ ದಣಪೆಯ ಪಕ್ಕದ ಗಿಡ ಈಗ ಇಲ್ಲ. ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಬೇಲಿ ಸಮೇತ ಹೋಯಿತು. ಸುದ್ದಿ ಕೇಳಿದ ದಿನ ನಾನು ತಾರಸಿಗೆ ಹೋಗಿ ಕುಂಡದ ಗಿಡದ ಮುಂದೆ ಸುಮ್ಮನೆ ಕೂತಿದ್ದೆ. ಹೋದ ಆಷಾಢದಲ್ಲಿ ಅದರಿಂದ ಆರು ಗೆಲ್ಲು ಕತ್ತರಿಸಿದೆ. ಎರಡನ್ನು ಕೆಳಗಿನ ಮನೆಯವರು ಒಯ್ದರು. ಒಂದನ್ನು ತರಕಾರಿ ಗಾಡಿಯ ಅಮ್ಮ ‘ಗಣೇಶನಿಗೆ ಬೇಕು, ನಮ್ಮನೆ ಮುಂದೆ ಒಂಚೂರು ಜಾಗ ಐತೆ’ ಎಂದು ಕೇಳಿ ಪಡೆದರು. ಉಳಿದ ಮೂರನ್ನು ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಸಾಗರಕ್ಕೆ ಒಯ್ದೆ. ಚಿಕ್ಕಪ್ಪ ಹೊಸ ಬೇಲಿಯ ಮೂಲೆಯಲ್ಲಿ ಗುಣಿ ತೋಡಿ ಇಟ್ಟಿದ್ದರು. ಕಡ್ಡಿಗಳನ್ನು ಕೈಗೆ ತೆಗೆದುಕೊಂಡು ತುದಿ ಯಾವುದು ಬುಡ ಯಾವುದು ಎಂದು ತಿರುಗಿಸಿ ನೋಡಿದರು. ಬುಡದ ಕಡೆ ಓರೆ, ತುದಿಯ ಕಡೆ ನೇರ ಕತ್ತರಿಸಿದ್ದೆ. ‘ಅಮ್ಮನೂ ಹೀಗೇ ಕತ್ತರಿಸ್ತಿದ್ದಳು’ ಎಂದು ಹೇಳಿ, ಓರೆಯ ಕಡೆಯನ್ನು ಮಣ್ಣಿಗೆ ಊರಿ ಹೆಬ್ಬೆರಳಿನಿಂದ ಸುತ್ತ ಒತ್ತಿದರು.